ಸೊರಾವಿಯ ಮೊದಲ ಅಧ್ಯಕ್ಷ

ಅನಂತಲಕ್ಷ್ಮಿ ಹಾಸನದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಚರಿತ್ರೆ, ಪೌರನೀತಿ ಪಾಠ ಮಾಡಿ ನಿವೃತ್ತಳಾಗಿ, ಕಾಶಿಗೆ ಬಂದು ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಸಾಯುವುದಕ್ಕೆ ಬಂದವಳು ಎಂದು ನೆರೆಯವರು ಅಂದುಕೊಂಡಿದ್ದರು. ಅವಳಿಗೆ ಅಂಥ ಅವಸರವೇನೂ ಇರಲಿಲ್ಲ.

೧೯೭೩ರ ಚಳಿಗಾಲದ ಒಂದು ಬೆಳಿಗ್ಗೆ ಪುರೋಹಿತ ವಾಸುದೇವ ಭಟ್ಟ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಮೂರು ತಲೆಮಾರಿನಿಂದ ಕಾಶಿಯಲ್ಲೇ ಇದ್ದ ಮನೆತನ; ಅವನ ಕನ್ನಡದಲ್ಲಿ ಅರ್ಧ ಹಿಂದಿ.

"ಟೀಚರಮ್ಮ, ಜಲ್ದಿ ಬನ್ನಿ. ಯಾವುದೋ ದೇಶದ ರಾಷ್ಟ್ರಪತಿ ಬಂದಿದಾರೆ, ಪಿಂಡ ಹಾಕ್ಬೇಕಂತೆ. ಬರೀ ಅಂಗ್ರೇಜಿ. ನನಗೆ ಒಂದಕ್ಷರ ಸಮಝ್ ಆಗ್ತಿಲ್ಲ."

"ಯಾವ ದೇಶ?"

"ಸೊರಾವಿ ಅಂತೆ."

ಅವಳು ಭೂಪಟದಲ್ಲಿ ಎಂದೂ ಕಾಣದ ಹೆಸರು. ಶಾಲು ಹೊದ್ದು ಇಳಿದಳು.

ಘಾಟಿನ ಮೆಟ್ಟಿಲ ಮೇಲೆ ನಾಲ್ವರಿದ್ದರು. ಅಧ್ಯಕ್ಷ ಜನರಲ್ ಕಲ್ಲಪ್ಪ, ಇಬ್ಬರು ಸೇನಾಧಿಕಾರಿಗಳು, ವೀರಯ್ಯನೆಂಬ ಬಡಕಲು ಕಾರ್ಯದರ್ಶಿ. ಹೆಸರುಗಳು ಮಾತ್ರ ಕನ್ನಡ ನಾಡಿನವು. ಭಾಷೆ ಎಂದೋ ಹೋಗಿತ್ತು. ವೀರಯ್ಯ ಅವಳ ಕೈಗೆ ಒಂದು ಬಣ್ಣದ ಪುಸ್ತಿಕೆ ಇಟ್ಟ. ಭಟ್ಟ ದರ್ಭೆ, ಎಳ್ಳು ಜೋಡಿಸುವಷ್ಟರಲ್ಲಿ ಅವಳು ಅದನ್ನು ಓದಿ ಮುಗಿಸಿದಳು.

ಸೊರಾವಿ ಒಂದು ಪುಟ್ಟ ದ್ವೀಪ. ಅಲ್ಲಿನ ಜನ ನೂರು ವರ್ಷದ ಹಿಂದೆ ಕಬ್ಬಿನ ತೋಟಕ್ಕೆಂದು ಮದರಾಸಿನಿಂದ ಹಡಗಿನಲ್ಲಿ ಸಾಗಿಸಿದ ಕೂಲಿಗಳ ವಂಶಸ್ಥರು. ೧೯೬೩ರಲ್ಲಿ ಸ್ವಾತಂತ್ರ್ಯ. ಕಬ್ಬು ಕೈಕೊಟ್ಟ ಮೇಲೆ ಕಡಲಹಕ್ಕಿಗಳ ಹಿಕ್ಕೆಯೇ ದೇಶದ ಆಧಾರ. ಅದನ್ನು ಗೊಬ್ಬರವೆಂದು ಅಗೆದು ಮಾರಿ ಮಾರಿ ದ್ವೀಪದ ಅರ್ಧ ಭಾಗ ಗುಂಡಿ ಬಿದ್ದಿತ್ತು. ಈಗ ಅಧ್ಯಕ್ಷರ ಮುಖವಿದ್ದ ಅಂಚೆಚೀಟಿಯನ್ನು ಪರದೇಶದ ಸಂಗ್ರಹಕಾರರಿಗೆ ಮಾರುತ್ತಿದ್ದರು. ಸೈನಿಕರು ನಾನೂರು, ಜನರಲ್‌ಗಳು ಹನ್ನೊಂದು. ಹಿಕ್ಕೆ ಮಾರಿದ ದುಡ್ಡಿನಲ್ಲಿ ಹನ್ನೊಂದು ಜನರಲ್‌ಗಳು, ಎಂದುಕೊಂಡು ಅವಳು ಪುಟ ತಿರುವಿದಳು. ಅಧ್ಯಕ್ಷರ ಪಟ್ಟಿ ಎರಡನೆಯವನಿಂದ ಶುರುವಾಗಿತ್ತು.

"ಮೊದಲನೆಯವರು ಯಾರು?" ಎಂದು ವೀರಯ್ಯನನ್ನು ಇಂಗ್ಲಿಷಿನಲ್ಲಿ ಕೇಳಿದಳು.

"ಮೊದಲನೆಯವರು ಇರಲಿಲ್ಲ, ಮೇಡಂ."

"ಎರಡನೆಯವರು ಹೇಗೆ ಬಂದರು?"

ವೀರಯ್ಯ ತನ್ನ ಬೂಟು ನೋಡಿಕೊಂಡ. ಪರೀಕ್ಷೆಯಲ್ಲಿ ಇಂಥ ಉತ್ತರ ಬರೆದವರಿಗೆ ಅವಳು ಸೊನ್ನೆ ಕೊಡುತ್ತಿದ್ದಳು.

ಕಲ್ಲಪ್ಪ ಸ್ನಾನ ಮುಗಿಸಿ ಪಂಚೆ ಉಟ್ಟು ಬಂದು, ಹೆಗಲ ಮೇಲಿನ ವಸ್ತ್ರಕ್ಕೆ ತನ್ನ ಪದಕಗಳನ್ನು ಚುಚ್ಚಿಸಿಕೊಂಡ. ಸಮವಸ್ತ್ರದ ಭಾರದ ಕೋಟನ್ನು ವೀರಯ್ಯ ಎರಡೂ ಕೈಯಲ್ಲಿ ಹಿಡಿದು ನಿಂತ. ಒಬ್ಬ ಸತ್ತವನು ಮೂರು ತಿಂಗಳಿಂದ ಊಟದ ಹೊತ್ತಿಗೆ ತನ್ನೆದುರು ಬಂದು ಕೂರುತ್ತಾನೆ, ಏನೂ ತಿನ್ನುವುದಿಲ್ಲ, ತನಗೂ ತುತ್ತು ಇಳಿಯುವುದಿಲ್ಲ ಎಂದು ಕಲ್ಲಪ್ಪ ಹೇಳಿಕೊಂಡ.

"ಸತ್ತವರ ಹೆಸರು, ಸಂಬಂಧ ಕೇಳಿ," ಎಂದ ಭಟ್ಟ.

"ಒಬ್ಬ ಪ್ರಜೆ ಎಂದು ಹೇಳಿದರೆ ಸಾಕು," ಎಂದ ಅಧ್ಯಕ್ಷ. ಅನಂತಲಕ್ಷ್ಮಿ ಅದನ್ನು ಹಾಗೆಯೇ ಕನ್ನಡಕ್ಕೆ ತಂದಳು.

"ಪ್ರಜೆ ಅಂದ್ರೆ ಪಿಂಡ ಯಾರಿಗೆ ಹೋಗ್ಬೇಕಮ್ಮ? ಗೋತ್ರ ಗೊತ್ತಿಲ್ದಿದ್ರೆ ಕಾಶ್ಯಪ ಅಂತ ಸಾಗಿಸ್ತೀನಿ. ಹೆಸರಿಲ್ದೆ ಆಗಲ್ಲ." ಆಮೇಲೆ ಪದಕಗಳ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಬೇಕಾದ್ರೆ ನಾವೇ ಯಾವ್ದಾದ್ರೂ ಒಂದು ನಾಮ್ ಹಾಕಿಬಿಡೋಣ. ದೊಡ್ಡವರು, ನಾರಾಜ್ ಆಗ್ಬಾರ್ದು."

"ನಿಮಗೂ ಈ ಅಧ್ಯಕ್ಷನಿಗೂ ಏನು ವ್ಯತ್ಯಾಸ ಭಟ್ಟರೇ?" ಎಂದಳು ಅವಳು. ಅಧ್ಯಕ್ಷನ ಕಡೆ ತಿರುಗಿ, ಹೆಸರು ಹೇಳದಿದ್ದರೆ ಆ ಮನುಷ್ಯ ಊಟಕ್ಕೆ ಬರುವುದು ತಪ್ಪುವುದಿಲ್ಲವಂತೆ ಎಂದಳು.

ಕಲ್ಲಪ್ಪ ವೀರಯ್ಯನ ಕಡೆ ನೋಡಿದ. ವೀರಯ್ಯ ಅವಳ ಕಿವಿಯ ಹತ್ತಿರ ಬಂದು ತಿಳಿಸಿದ: ಸೊರಾವಿಯಲ್ಲಿ ಆ ಹೆಸರನ್ನು ಆಡಿದರೂ ಕೇಳಿದರೂ ಏಳು ವರ್ಷ ಜೈಲು.

"ಅಂಥ ಕಾನೂನು ಬರೆದ ಪುಣ್ಯಾತ್ಮ ಯಾರು?"

"ನಾನೇ, ಮೇಡಂ."

ಅಧ್ಯಕ್ಷ ಅಧಿಕಾರಿಗಳಿಗೆ ಏನೋ ಅಪ್ಪಣೆ ಮಾಡಿದ. ಇಬ್ಬರೂ ಗಂಗೆಯ ಕಡೆ ತಿರುಗಿ ಕಿವಿಗೆ ಬೆರಳಿಟ್ಟುಕೊಂಡರು. ದೋಣಿಯವರು ನಿಂತು ನೋಡಿದರು. ಕಲ್ಲಪ್ಪ ತುಟಿ ಅಲ್ಲಾಡಿಸಿದ.

"ಗಟ್ಟಿಯಾಗಿ ಹೇಳೋಕೆ ಹೇಳಿ, ನನಗೆ ಕಿವಿ ಮಂದ," ಎಂದ ಭಟ್ಟ.

"ದ್ಯಾಮಪ್ಪ," ಎಂದ ಅಧ್ಯಕ್ಷ. "ನನ್ನ ಅಣ್ಣ. ಸೊರಾವಿಯ ಮೊದಲ ಅಧ್ಯಕ್ಷ."

ಹೇಗೆ ಸತ್ತರು ಎಂದು ಭಟ್ಟ ಕೇಳಿದ. ದುರ್ಮರಣವಾದರೆ ವಿಧಿಯೇ ಬೇರೆ. ಕಲ್ಲಪ್ಪ ಜ್ವರ ಎಂದ. ಅನಂತಲಕ್ಷ್ಮಿ ವೀರಯ್ಯನ ಮುಖ ನೋಡಿದಳು. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೋಟು ಹಿಡಿದಿದ್ದರಿಂದ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕಿವಿ ಮುಚ್ಚಿಕೊಳ್ಳಲೂ ಇರಲಿಲ್ಲ. ಅದು ಅವಳಿಗೆ ಹೊಳೆದ ಕ್ಷಣವೇ ಕಲ್ಲಪ್ಪನಿಗೂ ಹೊಳೆಯಿತು.

"ನಿನಗೆ ಕೇಳಿಸಿತೇ?"

"ಇಲ್ಲ, ಎಕ್ಸಲೆನ್ಸಿ."

"ಭಟ್ಟರೇ, ಜ್ವರ ಅಂತಾನೆ. ಸುಳ್ಳು," ಎಂದು ಅನಂತಲಕ್ಷ್ಮಿ ಕನ್ನಡದಲ್ಲಿ ಹೇಳಿದಳು. ಭಟ್ಟ ದರ್ಭೆ ಎತ್ತಿಕೊಂಡು, "ಜ್ವರ ಅಂದ್ರೆ ಜ್ವರ," ಎಂದು ಮಂತ್ರ ಶುರುಮಾಡಿದ.

ಕರ್ಮ ಮುಗಿದ ಮೇಲೆ ಕಲ್ಲಪ್ಪ ಗಲ್ಲಿಯ ಬಾಯಲ್ಲೇ ನಿಂತು ಆರು ಕಚೋರಿ ತಿಂದ. ಇನ್ನು ಯಾರೂ ಎದುರಿಗೆ ಬರುವುದಿಲ್ಲ ಎಂದು ನಕ್ಕು ಕಾರು ಹತ್ತಿದ. ವೀರಯ್ಯ ಕೋಟನ್ನು ಒಳಕ್ಕೆ ಕೊಟ್ಟು, ಬಾಗಿಲು ಮುಚ್ಚಿ, ಜನಜಂಗುಳಿಯಲ್ಲಿ ಹಿಂದೆ ಸರಿದ.

ಮಧ್ಯಾಹ್ನ ಅವಳ ಕೋಣೆಯ ಬಾಗಿಲಲ್ಲಿದ್ದ.

"ನಾನು ವಾಪಸು ಹೋದರೆ ಉಳಿಯುವುದಿಲ್ಲ."

"ನೀವು ಬರೆದ ಕಾನೂನಿಗೆ ನೀವೇ ಹೆದರುತ್ತೀರಲ್ಲ," ಎಂದಳು. "ಉಳಿದವರು ಹೆದರಿದಾಗ ನಿಮಗೆ ಹೇಗನಿಸುತ್ತಿತ್ತು?"

"ದ್ಯಾಮಪ್ಪನವರೇ ನನ್ನನ್ನು ಓದಿಸಿದ್ದು," ಎಂದ ಅವನು.

ಅದು ಉತ್ತರವಾಗಿರಲಿಲ್ಲ. ಅವನ ಬಗ್ಗೆ ಅವಳಿಗೆ ಕನಿಕರವೂ ಹುಟ್ಟಲಿಲ್ಲ. ಆದರೂ ಕೆಳಗಿನ ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟಳು, ಎರಡು ಹೊತ್ತು ಅನ್ನ ಸಾರು ಬಡಿಸಿದಳು. ಅವನು ದಿನಾ ಬೆಳಿಗ್ಗೆ, ಪೇಪರಿನಲ್ಲಿ ಸೊರಾವಿಯ ಸುದ್ದಿ ಇದೆಯೇ ಎಂದು ಕೇಳುತ್ತಿದ್ದ. ತನ್ನನ್ನು ಹುಡುಕುತ್ತಿದ್ದಾರೆ, ದೇಶದಲ್ಲಿ ದಂಗೆ ಎದ್ದಿದೆ, ಹೀಗೆ ಏನಾದರೂ. ಅವಳು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಿಧಾನವಾಗಿ ನೋಡಿ, "ನಿಮ್ಮ ದೇಶ ಯಾರಿಗೂ ಗೊತ್ತಿಲ್ಲ," ಎನ್ನುತ್ತಿದ್ದಳು. ಹಾಗೆನ್ನುವುದರಲ್ಲಿ ಅವಳಿಗೆ ಒಂದು ಬಗೆಯ ಸುಖವಿತ್ತು.

ಹೋಳಿ ಕಳೆದ ಮರುವಾರ ಅವನು, ತಾತಂದಿರು ಹಡಗು ಹತ್ತಿದ್ದ ಮದರಾಸಿಗೆ ಹೋಗುವ ರೈಲು ಹಿಡಿದ. ಅವಳು ಸ್ಟೇಷನ್ನಿಗೆ ಹೋಗಲಿಲ್ಲ.