ಬಿಳಿ ಗೋಡೆಯ ಮೇಲೆ ಪೆನ್ಸಿಲ್ ಗೆರೆ

ನನ್ನ ಗಂಡ ಗಾರೆ ಮೇಸ್ತ್ರಿ. ಮೂವತ್ತೊಂದು ವರ್ಷದಿಂದ ಕಂಡವರ ಗೋಡೆಗಳನ್ನು ನುಣ್ಣಗೆ ಮಾಡಿಕೊಂಡು ಬಂದಿದ್ದಾರೆ. ಯಾರ ಮನೆಗೆ ಊಟಕ್ಕೆ ಹೋದರೂ ತಟ್ಟೆಯಲ್ಲಿ ಏನಿದೆ ಎಂದು ನೋಡುವುದಕ್ಕೆ ಮೊದಲು ಗೋಡೆ ಸವರಿ ನೋಡುತ್ತಾರೆ. ಮದುವೆಯಾದ ಹೊಸದರಲ್ಲಿ ನಮ್ಮಪ್ಪ ಪ್ರೀತಿಯಿಂದ ಯೋಗಕ್ಷೇಮ ಕೇಳಿದರೆ ಈ ಮಹಾನುಭಾವರು, "ಮಾವ, ಆ ಮೂಲೆ ಅರ್ಧ ಇಂಚು ಹೊರಗೆ ಬಂದಿದೆ" ಅಂದಿದ್ದರು. ಇಂಥವರ ಸ್ವಂತ ಮನೆಗೆ ಭೂಕಂಪ ಬಂದು ಬಿರುಕು ಬಿಟ್ಟರೆ ಅವರು ಸುಮ್ಮನೆ ಕೂರುತ್ತಾರೆ ಎಂದು ನಂಬಿದ ನಾನೇ ದಡ್ಡಿ.

ಭೂಮಿ ನಡುಗಿದ್ದು ಬೆಳಿಗ್ಗೆ ಹತ್ತೂವರೆಗೆ. ನಮ್ಮ ಬೀದಿಯಲ್ಲಿ ಯಾರ ಜೀವಕ್ಕೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಎಲ್ಲರನ್ನೂ ಶಾಲೆಯ ಮೈದಾನದ ಡೇರೆಗಳಿಗೆ ಕಳಿಸಿ ಮೈಕಿನಲ್ಲಿ ಸಾರಿದರು. ಎಂಜಿನಿಯರುಗಳು ಮನೆಮನೆಗೆ ಬಂದು ಪರೀಕ್ಷೆ ಮಾಡಿ ಬಾಗಿಲಿಗೆ ಕಾಗದ ಅಂಟಿಸುತ್ತಾರೆ. ಹಸಿರು ಕಾಗದವಾದರೆ ಸಂಸಾರ ಸಮೇತ ಒಳಗೆ ಹೋಗಬಹುದು. ಹಳದಿಯಾದರೆ ಅವರು ಹೇಳಿದಷ್ಟು ಜಾಗ ಮಾತ್ರ, ಅವರು ಹೇಳಿದಾಗ ಮಾತ್ರ. ಕೆಂಪಾದರೆ ಹೊಸಿಲು ದಾಟುವ ಹಾಗಿಲ್ಲ. ಕಾಗದ ಬೀಳುವವರೆಗೆ ಯಾರೂ ಮನೆಯಲ್ಲಿ ಮಲಗಬಾರದು.

ನನಗೆ ಡೇರೆ ಆಗಿಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ಒಂದು ಕಡೆಯ ಡೇರೆಯ ಗೊರಕೆ, ಇನ್ನೊಂದು ಕಡೆಯ ಅತ್ತೆ ಸೊಸೆ ಜಗಳ, ಎಲ್ಲ ನನ್ನ ದಿಂಬಿನ ಪಕ್ಕದಲ್ಲೇ ನಡೆದಂತೆ ಇರುತ್ತಿತ್ತು. ನೀರಿಗೆ ಸರದಿ, ಬಚ್ಚಲಿಗೆ ಸರದಿ. ದಿನಕ್ಕೆ ಹತ್ತು ಸಲ "ಮನೆಗೆ ಯಾವಾಗ್ರೀ?" ಎಂದು ಕೇಳುತ್ತಿದ್ದೆ. ಹತ್ತು ಸಲವೂ "ಹೋಗೋಣ" ಅನ್ನುತ್ತಿದ್ದರು. ಒಂದೆರಡು ಸಲ ಅತ್ತೂ ಬಿಟ್ಟೆ. ನಾನು ಅತ್ತರೆ ಅವರಿಗೆ ಕೈಕಾಲು ಆಡುವುದಿಲ್ಲ.

ನಾಲ್ಕನೆಯ ದಿನ ಒಂದು ಮೂಟೆ ಸಿಮೆಂಟ್ ಹೊತ್ತುಕೊಂಡು ಮನೆಗೆ ಹೊರಟರು. ಹೋಗಬಾರದು ಅಂದಿದ್ದಾರಲ್ಲ ಎಂದೆ. "ಮಲಗಬೇಡಿ ಅಂದಿದಾರೆ. ಕೆಲಸ ಮಾಡಬೇಡಿ ಅಂದಿದಾರಾ?" ಅಂದರು. ಬಾಂಡ್ಲಿ ಹಿಡಿದುಕೊಂಡು ನಾನೂ ಹಿಂದೆ ಹೋದೆ. ಎರಡು ದಿನ ಗೋಡೆಗೋಡೆಯ ಬಿರುಕು ಕೆರೆದು, ತುಂಬಿ, ಉಜ್ಜಿ, ಒಣಗಿದ ಮೇಲೆ ಸುಣ್ಣವನ್ನೂ ಬಳಿದರು. ಎರಡನೆಯ ದಿನ ಸಂಜೆ ಒಂದು ಬಾಂಡ್ಲಿ ಗಾರೆ ಉಳಿಯಿತು. ಅದನ್ನು ಎಸೆಯಲಾರದೆ ಪಕ್ಕದ ಮನೆಯ ದರ್ಜಿ ಹೆಂಗಸಿನ ಅಡುಗೆಮನೆ ಮೂಲೆಗೆ ಬಳಿದು ಬಂದರು. ಅವಳು ಇವರನ್ನು ಅಣ್ಣ ಎಂದು ಕರೆಯುತ್ತಾಳೆ. ತಂಗಿಗೆ ಉಡುಗೊರೆಯಂತೆ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಮನೆ. ಆದರೂ ಆ ಬೆಳ್ಳನೆಯ ಗೋಡೆ ನೋಡಿ ನನಗೂ ಹಿಗ್ಗಾಯಿತು. ಎಂಜಿನಿಯರು ಬರುವಾಗ ಮನೆ ಲಕ್ಷಣವಾಗಿರಬೇಕು ತಾನೆ?

ಹನ್ನೊಂದನೆಯ ದಿನ ಒಂದು ತಂಡ ಬಂದು ದರ್ಜಿಯ ಮನೆಗೆ ಹಸಿರು ಕಾಗದ ಅಂಟಿಸಿತು. ಅಂದೇ ಸಂಜೆ ಅವಳು ತನ್ನ ತಾಯಿಯನ್ನೂ ಹೊಲಿಗೆ ಯಂತ್ರವನ್ನೂ ಕರೆದುಕೊಂಡು ಮನೆ ಸೇರಿದಳು. ಮಾರನೆಯ ಬೆಳಿಗ್ಗೆ ನಾವು ನಮ್ಮ ಬಾಗಿಲಲ್ಲಿ ಎಂಜಿನಿಯರಿಗಾಗಿ ಕಾಯುತ್ತಿದ್ದರೆ ಪಕ್ಕದಿಂದ ಕಟಕಟ ಎಂದು ಯಂತ್ರದ ಸದ್ದು. ನನ್ನ ಹೊಟ್ಟೆ ಉರಿದುಹೋಯಿತು.

ನಮಗೆ ಬಂದವರು ಬೇರೆ ತಂಡದವರು. ತಲೆಗೆ ಹೆಲ್ಮೆಟ್ ಹಾಕಿದ ಒಬ್ಬ ಎಂಜಿನಿಯರ್ ಮೇಡಂ, ಜೊತೆಗೆ ಫಾರಂ ತುಂಬುವ ಒಬ್ಬ ಗುಮಾಸ್ತರು. ಮೇಡಂ ಮೊದಲು ಮನೆಯ ಸುತ್ತ ಒಂದು ಸುತ್ತು ಬಂದರು. ಒಳಗೆ ಬಂದವರೇ ಗೋಡೆಗೆ ಟಾರ್ಚ್ ಬಿಟ್ಟು, ಚಿಕ್ಕ ಸುತ್ತಿಗೆಯಿಂದ ಎರಡು ಏಟು ತಟ್ಟಿ, ನಿಂತುಬಿಟ್ಟರು.

"ಈ ಗಾರೆ ಯಾವಾಗ ಮಾಡಿಸಿದ್ದು?"

"ಮಾಡಿಸಿದ್ದಲ್ಲ ಮೇಡಂ, ನಾನೇ ಮಾಡಿದ್ದು," ಎಂದರು ನಮ್ಮವರು, ಬಹುಮಾನ ತೆಗೆದುಕೊಳ್ಳಲು ಬಂದವರ ಹಾಗೆ ಮುಂದೆ ಬಂದು. "ವಾರ ಆಯ್ತು. ಒಂದು ಬಿರುಕೂ ಬಿಟ್ಟಿಲ್ಲ."

ಮೇಡಂ ನನ್ನ ಸ್ಟೂಲ್ ಎಳೆದುಕೊಂಡು ಕೂತರು. "ನಾವು ನೋಡೋಕೆ ಬರೋದೇ ಬಿರುಕನ್ನ, ಮೇಸ್ತ್ರಿ. ಅದು ಎಲ್ಲಿಂದ ಎಲ್ಲಿಗೆ ಹೋಗಿದೆ, ಎಷ್ಟು ಆಳ ಇದೆ, ಅದನ್ನ ನೋಡಿ ತಾನೆ ಮನೆ ಗಟ್ಟಿಯಾಗಿದೆಯೋ ಇಲ್ವೋ ಅಂತ ಹೇಳೋದು? ನೀವು ಎಲ್ಲಾ ಮುಚ್ಚಿಬಿಟ್ರೆ ನಾನು ಏನು ನೋಡಲಿ?"

ಇವರ ಮುಖ ಬಾಡಿಹೋಯಿತು. ಗಾರೆಯನ್ನೆಲ್ಲ ಕಿತ್ತು ಮತ್ತೆ ಸರದಿಯಲ್ಲಿ ನಿಲ್ಲಬೇಕು, ಮೂರು ವಾರ ಹಿಡಿಯುತ್ತದೆ ಎಂದರು ಗುಮಾಸ್ತರು. ಮೂರು ವಾರ ಎಂದು ಕೇಳಿದ್ದೇ ತಡ, ನನ್ನ ಕಣ್ಣಲ್ಲಿ ನೀರು ಬಂತು. ಇವರು ಅದನ್ನು ನೋಡಿದರು.

"ಕೀಳೋದು ಬೇಡ ಮೇಡಂ, ನನಗೆ ಎಲ್ಲಾ ನೆನಪಿದೆ," ಎಂದು ಕಿವಿಯ ಮೇಲಿನ ಪೆನ್ಸಿಲ್ ತೆಗೆದರು.

ನಡುಮನೆಯ ಕಿಟಕಿಯ ಮೂಲೆಯಿಂದ ಶುರು ಮಾಡಿದರು. ತಾವೇ ಹಾಲಿನ ಹಾಗೆ ಬೆಳ್ಳಗೆ ಮಾಡಿದ ಗೋಡೆಯ ಮೇಲೆ ಓರೆಯಾಗಿ ಒಂದು ಗೆರೆ ಎಳೆದರು. ಅದು ಮೂರು ಕಡೆ ಸೊಟ್ಟ ತಿರುಗಿ ಒಂದು ಕಡೆ ಕವಲೊಡೆಯಿತು. ಪಕ್ಕದಲ್ಲಿ "ಕೂದಲು" ಎಂದು ಬರೆದರು. ಕೂದಲೆಳೆಯಷ್ಟು ಅಗಲ ಎಂದು ಅರ್ಥ. ಬಾಗಿಲ ಮೇಲಿನದಕ್ಕೆ "ಉಗುರು". ಮಲಗುವ ಕೋಣೆಯಲ್ಲಿ ಎರಡು ಕೂದಲು, ಒಂದು ಉಗುರು. ಎಲ್ಲಿಯೂ ತಡವರಿಸಲಿಲ್ಲ, ಅಳಿಸಲಿಲ್ಲ. ಮೊನ್ನೆ ತಿಂದದ್ದು ಏನೆಂದು ಕೇಳಿದರೆ ತಲೆ ಕೆರೆದುಕೊಳ್ಳುವ ಆಸಾಮಿ ಇವರು. ಅರ್ಧ ಗಂಟೆಯಲ್ಲಿ ಮನೆಯ ತುಂಬ ಹತ್ತೊಂಬತ್ತು ಗೆರೆಗಳಾದವು.

ಮೇಡಂ ತಮಗೆ ಬೇಕಾದ ನಾಲ್ಕು ಜಾಗ ಆರಿಸಿ ಉಳಿಯಿಂದ ಗಾರೆ ಬಿಡಿಸಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ನಾಲ್ಕೂ ಕಡೆ ಪೆನ್ಸಿಲ್ ಗೆರೆಯ ನೇರ ಕೆಳಗೆ, ಅದೇ ಸೊಟ್ಟ, ಅದೇ ಅಗಲದಲ್ಲಿ ಬಿರುಕು ಇತ್ತು. ಹಿಂದಿನ ಇಟ್ಟಿಗೆ ಗಟ್ಟಿಯಾಗಿತ್ತು. ಗುಮಾಸ್ತರು ಬಾಯಿ ಬಿಟ್ಟುಕೊಂಡು ನೋಡಿದರು.

"ಇಷ್ಟು ಸರಿಯಾಗಿ ನಮ್ಮ ಹುಡುಗರು ಕಣ್ಣೆದುರಿಗಿರೋ ಬಿರುಕನ್ನೂ ಬರ್ಕೊಳ್ಳಲ್ಲ," ಎಂದರು ಮೇಡಂ. "ಎಲ್ಲಾ ಗಾರೆಯ ಬಿರುಕುಗಳೇ. ಇಷ್ಟೇ ತಾನೆ?"

"ಇಷ್ಟೇ," ಎಂದರು ನಮ್ಮವರು.

ಗುಮಾಸ್ತರು ಚೀಲದಿಂದ ಹಸಿರು ಕಾಗದ ತೆಗೆದು ಹಿಂಬದಿಗೆ ಗೋಂದು ಹಚ್ಚತೊಡಗಿದರು. ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಒಂದು ಪಿಲ್ಲರ್ ಇದೆ, ಅದರ ನೆತ್ತಿಯ ಮೇಲೆ ತಾರಸಿಯಲ್ಲಿ ನೀರಿನ ಟ್ಯಾಂಕ್ ಇದೆ. ಆ ಪಿಲ್ಲರಿನ ಮೇಲ್ತುದಿಯಲ್ಲಿ ಗೆರೆ ಇರಲಿಲ್ಲ. ಅಲ್ಲಿ ಗಾರೆ ತುಂಬುವಾಗ ಬಾಂಡ್ಲಿ ಹಿಡಿದು ನಿಂತವಳು ನಾನು. ಎರಡು ದಿನ ಬಾಯಿ ಮುಚ್ಚದೆ ಮಾತಾಡಿಕೊಂಡು ಕೆಲಸ ಮಾಡಿದವರು ಅಲ್ಲಿ ಮಾತು ನಿಲ್ಲಿಸಿದ್ದರು. ಅವರ ಬೆರಳು ಎರಡು ಗಿಣ್ಣಿನವರೆಗೆ ಬಿರುಕಿನೊಳಗೆ ಹೋಗಿತ್ತು. ಒಳಗಿನ ಕಬ್ಬಿಣದ ಕಂಬಿ ಕಾಣುತ್ತಿತ್ತು. ನಾನು ಏನೂ ಕೇಳದಿದ್ದರೂ, "ಗಾರೆ ಬಿರುಕು ಅಷ್ಟೇ" ಅಂದಿದ್ದರು.

ಹತ್ತೊಂಬತ್ತನ್ನು ನೆನಪಿಟ್ಟವರಿಗೆ ಇಪ್ಪತ್ತನೆಯದು ಮರೆತೀತೆ? ನಾನು ಅವರ ಮುಖ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಪಕ್ಕದ ಮನೆಯ ಯಂತ್ರ ಕಟಕಟ ಎನ್ನುತ್ತಲೇ ಇತ್ತು. ಸುಮ್ಮನಿದ್ದರೆ ಇವತ್ತು ನಾನೂ ನನ್ನ ಒಲೆ ಹಚ್ಚಬಹುದಿತ್ತು, ನನ್ನ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಸ್ನಾನ ಮಾಡಬಹುದಿತ್ತು. ಆ ಆಸೆ ಎಷ್ಟಿತ್ತೆಂದು ಹೇಳಲಾರೆ.

"ಮೇಡಂ," ಎಂದೆ, "ಇನ್ನೊಂದಿದೆ."

ಪಿಲ್ಲರಿನ ತುದಿ ತೋರಿಸಿದೆ. ಮೇಡಂ ಸ್ಟೂಲ್ ಹತ್ತಿ ಉಳಿ ಇಟ್ಟರು. ಮೂರನೆಯ ಏಟಿಗೆ ಅಂಗೈಯಗಲ ಗಾರೆ ಉದುರಿತು. ಟಾರ್ಚ್ ಬಿಟ್ಟು ನೋಡಿ, ಕೆಳಗಿಳಿದು, "ಎಲ್ಲಾರೂ ಹೊರಗೆ ಬನ್ನಿ" ಎಂದರು. ಟ್ಯಾಂಕಿನ ನೀರು ಖಾಲಿ ಮಾಡಬೇಕು, ಛಾವಣಿಗೆ ಆಸರೆ ಕೊಟ್ಟು ಪಿಲ್ಲರಿಗೆ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಹಾಕಬೇಕು. ಒಂದೂವರೆ ತಿಂಗಳ ಕೆಲಸ, ಆಮೇಲೆ ಮನೆ ಮನೆಯೇ, ಭಯವಿಲ್ಲ ಎಂದರು. ಅಲ್ಲಿಯತನಕ ಹಗಲು ಹೊತ್ತು ನಡುಮನೆಗೆ ಮಾತ್ರ ಹೋಗಿ ಸಾಮಾನು ತರಬಹುದು. ಬಾಗಿಲಿಗೆ ಹಳದಿ ಕಾಗದ ಬಿತ್ತು.

ಮೇಡಂ ಜೀಪಿನ ಹತ್ತಿರ ಬರೆಯುತ್ತ ನಿಂತಾಗ ನಾವಿಬ್ಬರೂ ಕಾಂಪೌಂಡಿಗೆ ಒರಗಿದ್ದೆವು.

"ಹೆಂಗಸರನ್ನ ನಂಬಿ ಮನೆ ಕಟ್ಟಬಾರದು," ಎಂದರು ಇವರು. "ಮನೆಗೆ ಹೋಗಬೇಕು ಅಂತ ಹನ್ನೆರಡು ದಿನ ನನ್ನ ತಲೆ ತಿಂದೋಳು ನೀನೇ ಅಲ್ವಾ?"

"ತಿಂದೆ. ಅದಕ್ಕೆ ಹೀಗೆ ಮಾಡೋದಾ?"

"ನೀನು ಅಳ್ತಿದ್ದೆ. ನನಗೆ ನೋಡೋಕಾಗಲಿಲ್ಲ. ಆಸರೆ ಆಮೇಲೆ ಗುಟ್ಟಾಗಿ ನಾನೇ ಕೊಡೋಣ ಅಂತಿದ್ದೆ. ಒಂದು ಮಾತು ಹೇಳದೆ ಇದ್ದಿದ್ರೆ ಏನಾಗ್ತಿತ್ತು ನಿನಗೆ?"

"ನನಗೆ ಏನೂ ಆಗ್ತಿರಲಿಲ್ಲ," ಎಂದೆ, ಕೋಪ ನೆತ್ತಿಗೇರಿ. "ಆ ಪಿಲ್ಲರಿನ ಬುಡಕ್ಕೆ ತಲೆ ಕೊಟ್ಟು ಮಲಗೋರು ನೀವು. ಒಲೆ ಬೇಕು ಅಂದೆ, ಬಚ್ಚಲು ಬೇಕು ಅಂದೆ. ನೀವು ಬೇಡ ಅಂದೆನಾ?"

ಇವರ ಕಣ್ಣು ಪಕ್ಕದ ಮನೆಯತ್ತ ಹೋಯಿತು.

"ಅವಳಮ್ಮ ಎಲ್ಲಿ ಮಲಗ್ತಾರೆ?"

"ಅಡುಗೆಮನೇಲೇ. ಬೆಚ್ಚಗಿರತ್ತೆ ಅಂತ."

ದರ್ಜಿಯ ಮನೆಯೂ ನಮ್ಮ ಮನೆಯ ಹಾಗೆಯೇ, ಒಂದೇ ಅಳತೆ, ಪಿಲ್ಲರ್ ಇವರು ಗಾರೆ ಬಳಿದ ಆ ಅಡುಗೆಮನೆ ಮೂಲೆಯಲ್ಲೇ. "ಅಲ್ಲಿ ಎಂಥ ಬಿರುಕಿತ್ತು ಅಂತ ನೆನಪೇ ಇಲ್ಲ ಕಣೇ. ಗಾರೆ ಉಳಿದಿತ್ತು, ಕತ್ತಲಾಗ್ತಿತ್ತು, ನೋಡದೆ ಬಳಿದುಬಿಟ್ಟೆ," ಎಂದರು.

ಹಸಿರು ಕಾಗದ ಅಂಟಿಸಿಕೊಂಡು ನೆಮ್ಮದಿಯಾಗಿರುವ ಮನೆ ಅದು. ಇವರು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬಿಟ್ಟರೆ ಬೀದಿಗೆಲ್ಲ ತಿಳಿಯುತ್ತದೆ, ಮೂವತ್ತೊಂದು ವರ್ಷದ ಮೇಸ್ತ್ರಿಯ ಮಾನ ಮೂರು ಕಾಸಿಗೆ ಹೋಗುತ್ತದೆ. ನಾನು ಈ ಲೆಕ್ಕ ಹಾಕುವಷ್ಟರಲ್ಲಿ ಇವರು ಜೀಪಿನ ಹತ್ತಿರ ಹೋಗಿ, "ಮೇಡಂ, ಪಕ್ಕದ ಮನೆಯ ಹಸಿರು ಕಾಗದ ತಪ್ಪು. ಅಲ್ಲೂ ನಾನೇ ಮುಚ್ಚಿದೀನಿ," ಎಂದು ಹೇಳಿ, ಅವರ ಉತ್ತರಕ್ಕೂ ಕಾಯದೆ ದರ್ಜಿಯ ಬಾಗಿಲು ಬಡಿಯುತ್ತಿದ್ದರು.

"ತಂಗೀ, ಅಮ್ಮನ್ನ ಕರ್ಕೊಂಡು ಹೊರಗೆ ಬಾ. ಈಗಲೇ. ಬೈಯೋದಿದ್ರೆ ಹೊರಗೆ ಬಂದು ಬೈ."

ಮೇಡಂ ಹಸಿರು ಕಾಗದದ ಮೇಲೆ ಹಳದಿ ಅಂಟಿಸಿದರು. ಆ ಮೂಲೆಯನ್ನು ಪೂರ್ತಿ ಬಿಡಿಸಿ ನೋಡಬೇಕು, ಮೊದಲು ಆಸರೆ ಕೊಡಿಸಿ, ಹಿಂದಿನ ತಂಡದವರನ್ನೂ ಕರೆದುಕೊಂಡು ಮೂರು ದಿನದಲ್ಲಿ ಬರುತ್ತೇನೆ ಎಂದರು. ದರ್ಜಿ ಬೈಯಲೂ ಇಲ್ಲ, ಅದೇ ಕಷ್ಟವಾಯಿತು. ಯಂತ್ರ ಹೊತ್ತುಕೊಂಡು ಮತ್ತೆ ಮೈದಾನಕ್ಕೆ ಬಂದಳು, ನಮ್ಮ ಎದುರಿನ ಡೇರೆಯಲ್ಲೇ ಇದ್ದುಕೊಂಡು ಮೂರು ದಿನ ಇವರ ಕಡೆ ತಿರುಗಿಯೂ ನೋಡಲಿಲ್ಲ. ಇವರಿಗೆ ಅನ್ನ ನೀರು ರುಚಿಸಲಿಲ್ಲ. ವಿಚಿತ್ರವೆಂದರೆ ನನಗೆ ಮಾತ್ರ ಡೇರೆಯಲ್ಲಿ ಒಳ್ಳೆ ನಿದ್ದೆ ಬಂತು. ಮನೆಗೆ ಯಾವಾಗ ಎಂದು ಒಂದು ಸಲವೂ ಕೇಳಲಿಲ್ಲ. ಇಂಥ ಗಂಡನ ಜೊತೆ ಒಂದೂವರೆ ತಿಂಗಳೇನು, ಇನ್ನಷ್ಟು ದಿನವಾದರೂ ಸರದಿಯಲ್ಲಿ ನಿಲ್ಲಬಹುದು ಅನ್ನಿಸಿತ್ತು. ಅದನ್ನು ಅವರಿಗೆ ಹೇಳಲಿಲ್ಲ, ತಲೆಗೇರೀತು.

ಮೂರನೆಯ ದಿನ ಎಲ್ಲರೂ ಬಂದರು. ಗಾರೆ ಬಿಡಿಸುವುದಕ್ಕೆ ಇವರೇ ಉಳಿ ಕೇಳಿ ತೆಗೆದುಕೊಂಡರು. ದರ್ಜಿಯ ಪಿಲ್ಲರಿನ ತುದಿಯಿಂದ ಬುಡದವರೆಗೆ ಕಿತ್ತರು, ಆಚೀಚೆ ಗೋಡೆಯನ್ನೂ ಕಿತ್ತರು. ಮೇಡಂ ಟಾರ್ಚ್ ಹಿಡಿದು ಇಂಚಿಂಚು ನೋಡಿದರು. ಕಾಂಕ್ರೀಟ್ ಕಲ್ಲಿನಂತಿತ್ತು. ಮುಚ್ಚಿದ್ದು ಬರೀ ಗಾರೆಯ ಬಿರುಕು, ಕೂದಲೆಳೆಯಷ್ಟು. ಇನ್ನೊಂದು ಹಸಿರು ಕಾಗದ ಬಂತು.

ಆಗ ಬಾಯಿ ತೆರೆದಳು ದರ್ಜಿ. ಮೂರು ದಿನ ಕೂಡಿಟ್ಟದ್ದು ಒಟ್ಟಿಗೇ ಬಂತು.

"ಅಲ್ಲಣ್ಣಾ, ಏನಿತ್ತು ಅಂತ ನಮ್ಮನ್ನ ಎಬ್ಬಿಸಿದ್ರಿ? ಯಂತ್ರ ಹೊತ್ಕೊಂಡು ಬಂದೆ, ಹೊತ್ಕೊಂಡು ಹೋದೆ, ಈಗ ಮತ್ತೆ ಹೊರಬೇಕು. ಅಮ್ಮನ ಸೊಂಟ ಹಿಡ್ಕೊಂಡಿದೆ. ಒಪ್ಪಿಕೊಂಡ ಬಟ್ಟೆಯೆಲ್ಲ ಹಾಗೇ ಬಿದ್ದಿದೆ. ಇದ್ದ ಗೋಡೇನೂ ಕಿತ್ತು ಹಾಕಿದ್ರಿ. ಇಷ್ಟೆಲ್ಲ ಯಾಕೆ? ಇಲ್ಲಿ ಏನಾದ್ರೂ ಇದೆಯಾ?"

ಬೀದಿಯವರೆಲ್ಲ ಬಂದು ನಿಂತು ಕೇಳುತ್ತಿದ್ದರು. ಇವರು ತಲೆಯಿಂದ ಕಾಲಿನವರೆಗೆ ಧೂಳಾಗಿ, ಉಳಿ ಹಿಡಿದುಕೊಂಡು, ಕಣ್ತುಂಬ ನೀರು ತುಂಬಿಕೊಂಡು ನಗುತ್ತಿದ್ದರು. ಬೈಗುಳ ತಿಂದು ಹಾಲು ಕುಡಿದಷ್ಟು ಸಂತೋಷಪಟ್ಟವರನ್ನು ನಾನು ನೋಡಿದ್ದು ಅವತ್ತೇ.

"ಏನೂ ಇಲ್ಲ ತಂಗಿ," ಎಂದರು. "ನೋಡು, ಚೆನ್ನಾಗಿ ನೋಡು. ಏನೂ ಇಲ್ಲ."