ಗಳ ಹಿರಿದ ದಿನ

ಕಿರ್ ಎಂದು ಒಂದು ಸದ್ದು, ಆರನೆಯ ಮಹಡಿಯ ಎತ್ತರದಲ್ಲಿ ಮೊದಲ ಕ್ಲಾಂಪಿನ ನಟ್ಟು ಸಡಿಲವಾದದ್ದು, ಹಲ್ಲು ಜುಮ್ಮೆನಿಸುವ ಸದ್ದು, ಆದರೂ ಎಷ್ಟು ಹಿತ — ತಿರುಗಿಸು ತಮ್ಮಾ, ಇನ್ನೊಂದು ಸುತ್ತು ತಿರುಗಿಸು, ಹದಿನಾಲ್ಕು ತಿಂಗಳ ಬಾಡಿಗೆ ಬಾಕಿ, ತಿಂಗಳುಗಟ್ಟಲೆ ಇದಕ್ಕೇ ಕಿವಿಗೊಟ್ಟು ಕೂತಿದ್ದೇನೆ, ಬೆನ್ನ ಹಿಂದೆ ನಮ್ಮ ಲಾರಿ, ಕೂರಲು ಒಂದು ಸಿಮೆಂಟ್ ಇಟ್ಟಿಗೆ, ಕೈಯಲ್ಲಿ ಕರಾರಿನ ಕಾಗದ, ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿದೆ, ಹರಿದರೇನು, ಒಂಬತ್ತನೆಯ ಸಾಲು ನನಗೆ ಬಾಯಿಪಾಠ: ಮೂರು ತಿಂಗಳು ಬಾಡಿಗೆ ಬಾರದಿದ್ದರೆ ಗೋಡೆಯ ಕೆಲಸಕ್ಕೆ ಕಟ್ಟಿದ ಸಾರುವೆಯ ಪೈಪುಗಳನ್ನು ಅವುಗಳ ಮಾಲೀಕರು ಯಾವ ದಿನ ಬೇಕಾದರೂ, ಮುಂಚೆ ಹೇಳದೆಯೂ, ಬಿಚ್ಚಿಕೊಂಡು ಹೋಗಬಹುದು. ಬರೆದವರು ನನ್ನ ಯಜಮಾನರು, ಕೆಳಗೆ ಓದದೆ ಸಹಿ ಹಾಕಿದವನು ನಾಳೆಪ್ಪ. ನಾಳೆಪ್ಪ ಅವನ ಹೆಸರಲ್ಲ, ಈ ಕಟ್ಟಡದ ದೊಡ್ಡ ಗುತ್ತಿಗೆದಾರ ಅವನು, ದುಡ್ಡು ಕೇಳಿದವರಿಗೆಲ್ಲ ನಾಳೆ ಬಾ, ನಾಳೆ ಬಾ ಅಂದು ಅಂದು, ಗಾರೆಯವರು, ಕೊಳಾಯಿಯವರು, ಕಿಟಕಿ ಕೂರಿಸುವವರು ಎಲ್ಲ ಸೇರಿ ಇಟ್ಟ ಹೆಸರು, ನಾಮಕರಣಕ್ಕೆ ಅವನನ್ನು ಮಾತ್ರ ಕರೆದಿರಲಿಲ್ಲ. ಮೂರು ತಿಂಗಳು ಕಳೆದ ಮಾರನೆಯ ದಿನವೇ ಬಿಚ್ಚಬಹುದಿತ್ತಲ್ಲ ಅಕ್ಕ ಅಂತ ತಮ್ಮ ಕೇಳಿದ್ದ — ಅವನಿಗೆ ತಿಳಿಯುವುದಿಲ್ಲ, ಎಳೆಗಾಯಿ ಕಿತ್ತರೆ ಒಗರು, ಅಂದೇ ಬಿಚ್ಚಿದ್ದರೆ ಬೇರೆ ಯಾರಿಂದಲೋ ಸಾರುವೆ ತಂದು ಕಟ್ಟಿಸಿಕೊಂಡು ಹಲ್ಲು ಕಿರಿಯುತ್ತಿದ್ದ. ಇವತ್ತು ಹಾಗಲ್ಲ. ಇವತ್ತು ಕಟ್ಟಡ ಒಪ್ಪಿಸುವ ಕೊನೆಯ ದಿನ, ಎರಡು ಗಂಟೆಗೆ ಮಾಲೀಕರ ಕಡೆಯ ಇಂಜಿನಿಯರಮ್ಮ ಬರುತ್ತಾಳೆ, ಎಲ್ಲ ಮುಗಿದಿದ್ದರೆ ಅವನ ಬಿಲ್ಲು ಪೂರ್ತಿ ಪಾಸು, ಮುಗಿಯದಿದ್ದರೆ ದಿನಕ್ಕಿಷ್ಟು ಅಂತ ದಂಡ, ಬಲಗಡೆಯ ಕೆಲಸ ಮುಗಿದು ಸಾರುವೆ ಇಳಿದಾಗಿದೆ, ಈ ಎಡಮೂಲೆಯ ಒಂದು ಸಾಲು ಉಳಿದಿದೆ, ಆ ಸಾಲಿನ ಮೇಲೆ ಅವನ ಜೀವ ನಿಂತಿದೆ, ನನಗೆ ಬೇಕಾಗಿದ್ದೂ ಅದೇ.

ಇವರು ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದರು, ಬಾಕಿ ಕೇಳುವವನು ಬೇಡುವವನ ಹಾಗೆ ಕಾಣಬಾರದು ಅಂತ, ನಾನೂ ಜೊತೆಗಿದ್ದೆ, ನಾಳೆಪ್ಪನ ಆಫೀಸಿನಲ್ಲಿ ಕಕ್ಕಸಿನ ಬಾಗಿಲಿಗೆ ಎದುರಾಗಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಸೀಳಿತ್ತು, ಸೀಳಿದ್ದರಲ್ಲಿ ಇವರು ಕೂತರು, ಮೈಭಾರವನ್ನೆಲ್ಲ ಒಂದು ತೊಡೆಯ ಮೇಲೆ ಹೊತ್ತು, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ, ಒಳಗೆ ನಗು, ಟೀ ಲೋಟಗಳ ಸದ್ದು, ಕೊನೆಗೆ ಬಾಗಿಲು ತೆರೆದು ಐದಾರು ಜನರ ಎದುರಿಗೇ ನಾಳೆಪ್ಪ ಅಂದ, ನಿನ್ನ ತುಕ್ಕು ಪೈಪಿಗೆ ಬಾಡಿಗೆ ಬೇರೆ ಕೇಡು, ಗುಜರಿಗೆ ಹಾಕಿದ್ರೆ ತೂಕದ ಲೆಕ್ಕದಲ್ಲಿ ಏನಾದ್ರೂ ಬರ್ತಿತ್ತು, ಹೋಗು, ನಾಳೆ ಬಾ. ಇವನಿಗೆ ಮೊದಲ ಗುತ್ತಿಗೆ ಸಿಕ್ಕಾಗ ಮುಂಗಡವಿಲ್ಲದೆ ಸಾರುವೆ ಕಟ್ಟಿಕೊಟ್ಟವರು ಇವರು, ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತಿಗೆ ಇನ್ನರ್ಧ ಲೋಟ ಅಂತ ಕೇಳಿ ಕುಡಿದವನು ಇವನು. ಇವರು ಎದ್ದು ಅಂಗಿಯ ಸುಕ್ಕು ನೇವರಿಸಿಕೊಂಡು ಹೊರಟರು. ವಾರದೊಳಗೆ ಬಲಗೈ, ಬಲಗಾಲು ಬಿದ್ದುಹೋಯಿತು, ಮಾತೂ ತೊದಲಾಯಿತು, ಡಾಕ್ಟರು ರಕ್ತದೊತ್ತಡ ಅಂದರು, ನಾನು ಹೂಂ ಅಂದೆ, ಆ ಕಾಯಿಲೆಯ ಹೆಸರು ನನಗೆ ಗೊತ್ತಿತ್ತು, ಅದರ ಮನೆವಿಳಾಸವೂ ಗೊತ್ತಿತ್ತು. ಅವತ್ತಿನಿಂದ ಇವರ ಬಾಯಿ ಒರೆಸುವಾಗ, ಇವರ ಕಾಲಿಗೆ ಎಣ್ಣೆ ತಿಕ್ಕುವಾಗ, ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಖನ್ನು ನೋಡಿಕೊಂಡೇ ತಿಕ್ಕಿದ್ದೇನೆ.

ಅಕ್ಕಾ, ತಮ್ಮ ಮೇಲಿನಿಂದ ಕೂಗುತ್ತಿದ್ದಾನೆ, ಬಣ್ಣದಜ್ಜ ಇಳಿಯಲ್ಲ ಅಂತಾನೆ. ಆರು ಮಹಡಿ ಮೆಟ್ಟಿಲು, ಲಿಫ್ಟಿಗೆ ಇನ್ನೂ ಕರೆಂಟು ಕೊಟ್ಟಿಲ್ಲ, ನಾಲ್ಕನೆಯದರಲ್ಲಿ ಉಸಿರು ಕಟ್ಟಿತು, ಐದನೆಯದರಲ್ಲಿ ಸಿಟ್ಟೇ ಹತ್ತಿಸಿತು, ಕಿಟಕಿಯಲ್ಲಿ ತಲೆ ಹಾಕಿದರೆ ತುದಿಯ ಹಲಗೆಯ ಮೇಲೆ ಅಜ್ಜ ನಿಂತಿದ್ದಾನೆ, ಬರಿಗಾಲು, ಬಕೆಟ್ಟು, ಅವನ ತಲೆಯ ಮೇಲೆ ತಾರಸಿಯ ಅಂಚಿನ ಕೆಳಗೆ ಒಂದು ಮೊಳ ಅಗಲದ ಪಟ್ಟಿ, ಗೋಡೆಯೆಲ್ಲ ಹಾಲಿನ ಕೆನೆಯಂತಿದ್ದರೆ ಅದೊಂದು ಬೂದಿ, ಬರಿ ಗಾರೆ. ತಾಯಿ, ಎರಡು ಗಂಟೆ ಹೊತ್ತು ಕೊಡಿ, ಈ ಪಟ್ಟಿ ಮುಗಿದ್ರೆ ನನ್ನ ಬಿಲ್ಲಿಗೂ ಸಹಿ ಬೀಳುತ್ತೆ, ನನ್ನದೂ ಏಳು ತಿಂಗಳದ್ದು ಇವನ ಹತ್ರಾನೇ ಇದೆ. ಎರಡು ಗಂಟೆ — ಎರಡು ಗಂಟೆಯಲ್ಲಿ ಪಟ್ಟಿ ಮುಗಿಯುತ್ತದೆ, ಪಟ್ಟಿ ಮುಗಿದರೆ ನನ್ನ ಪೈಪು ಅವನಿಗೆ ಬೇಡ, ಪೈಪು ಬೇಡವಾದರೆ ನಾನು ಮತ್ತೆ ಕಕ್ಕಸಿನ ಎದುರಿನ ಕುರ್ಚಿಗೆ. ಇಳೀರಿ ಅಜ್ಜ ಅಂದೆ, ಅವನು ಒಬ್ಬರಿಗೆ ಗಂಟು ಬಿಚ್ಚಿದ್ರೆ ಎಲ್ಲರಿಗೂ ಬಿಚ್ಚುತ್ತಾನೆ ಅಂದೆ, ಅನ್ನುವಾಗಲೇ ಸುಳ್ಳು ಅಂತ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಆಗಷ್ಟೇ ಎತ್ತಿದ್ದ ಬ್ರಶ್ಶನ್ನು ಪಟ್ಟಿಯ ಎಡತುದಿಯಲ್ಲಿ ಒಂದೇ ಒಂದು ಸಲ ಎಳೆದ, ಅರ್ಧಕ್ಕೆ ನಿಲ್ಲಿಸಿದ, ಬಕೆಟ್ಟಿಗೆ ಹಾಕಿದ, ಕಿಟಕಿಯೊಳಗೆ ಮೊದಲು ಒಂದು ಕಾಲು, ಆಮೇಲೆ ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕಾಲು, ಮಂಡಿ ಲಟಕ್ಕೆಂದಿತು, ನಾನು ತಮ್ಮನಿಗೆ ಸನ್ನೆ ಮಾಡಿದೆ.

ಬಂದ ನಾಳೆಪ್ಪ, ಹನ್ನೊಂದಕ್ಕೆ ಬಂದ, ಕಾರಿನ ಬಾಗಿಲು ಹಾಕುವುದನ್ನೂ ಮರೆತು ಓಡಿ ಬಂದ, ಅರ್ಧ ಸಾರುವೆ ನೆಲದ ಮೇಲಿತ್ತು, ಏನತ್ತಿಗೆ ಇದು, ಉರಿಯೋ ಮನೇಲಿ ಗಳ ಹಿರೀತಿದ್ದೀರಲ್ಲ. ಓಹೋ, ಅತ್ತಿಗೆ ನೆನಪಾದಳು. ಹೌದಪ್ಪ, ಹಿರಿಯುತ್ತಿದ್ದೇನೆ, ಮನೆ ನಿನ್ನದು, ಬೆಂಕಿ ನಿನ್ನದು, ಗಳ ನನ್ನದು — ಇದನ್ನು ಬಾಯಿಬಿಟ್ಟು ಹೇಳಲಿಲ್ಲ, ಕಾಗದ ತೋರಿಸಿದೆ, ಒಂಬತ್ತನೆಯ ಸಾಲಿನ ಕೆಳಗೆ ಉಗುರು ಇಟ್ಟು. ಓದಿದ, ತನ್ನ ಸಹಿಯನ್ನು ಯಾರದೋ ಎಂಬಂತೆ ನೋಡಿದ. ತಾರಸಿಯಿಂದ ಹಗ್ಗ ಕಟ್ಟಿ ಇಳಿಬಿಡ್ತೀನಿ ಅಂತ ಅಜ್ಜನ ಕಡೆ ತಿರುಗಿದ, ಅಜ್ಜ ಮಂಡಿ ಮುಟ್ಟಿ ತೋರಿಸಿ ಆಗಲ್ಲ ಅಂದ. ಚೆಕ್ ಬರೀತೀನಿ ಅಂದ, ಹೋದ ಸಲದ ಚೆಕ್ಕು ಗೋಡೆಗೆ ಹೊಡೆದ ಚೆಂಡಿನ ಹಾಗೆ ಬ್ಯಾಂಕಿನಿಂದ ವಾಪಸು ಬಂದದ್ದನ್ನು ನೆನಪಿಸಿದೆ, ಆಗ ಫೋನು ತೆಗೆದ, ಎರಡು ಸಲ ತಪ್ಪು ಒತ್ತಿದ, ನನ್ನ ಫೋನು ಟಿಣ್ ಅಂತು, ತಮ್ಮ ಓದಿದ, ಪೂರ್ತಿ ಬಂದಿದೆ ಅಕ್ಕ, ಹದಿನಾಲ್ಕು ತಿಂಗಳದ್ದೂ. ಬೇಗ ಕಟ್ಟಿಸಿ ಈಗ, ಹೊತ್ತಿಲ್ಲ. ನಾನು ಕಾಗದವನ್ನು ನಿಧಾನವಾಗಿ ಮಡಚಿದೆ, ಮಡಿಕೆ ತಪ್ಪದ ಹಾಗೆ, ಇದು ಹಿಂದಿನ ಬಾಕಿ, ಹೊಸದಾಗಿ ಸಾರುವೆ ಬೇಕಾದ್ರೆ —

ನಾಳೆ ಬನ್ನಿ.

ಅಬ್ಬ, ಆ ಮುಖ. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, ಅಂಗಾಲಿನಿಂದ ನೆತ್ತಿಯವರೆಗೆ ನನಗೆ ತಂಪಾಯಿತು, ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಸಿಯಿತು, ಗಾರೆಯವರು ಯಾರೋ ಸಿಳ್ಳೆ ಹಾಕಿದರು, ಪೈಪುಗಳು ಒಂದೊಂದಾಗಿ ಲಾರಿಗೆ ಬೀಳುತ್ತಿದ್ದವು, ಒಂದೊಂದೂ ಅವನ ಕಿವಿಗೆ ಬೀಳಲಿ ಅಂತ ಮೆಲ್ಲಗೆ ಇಡಬೇಡ ಅಂದೆ, ಎರಡು ಗಂಟೆಗೆ ಇಂಜಿನಿಯರಮ್ಮ ಬಂದಳು, ಕತ್ತೆತ್ತಿದಳು, ಎಲ್ಲರೂ ಕತ್ತೆತ್ತಿದೆವು, ಬೋಳು ಗೋಡೆ, ತುದಿಯಲ್ಲಿ ಬೂದಿ ಪಟ್ಟಿ, ಅದರ ಎಡತುದಿಯಲ್ಲಿ ಬಿಳಿಯ ಒಂದು ಎಳೆತ. ಬರೆದುಕೊಂಡಳು. ನಾಳೆಪ್ಪ ನನ್ನ ಕಡೆ ನೋಡಲಿಲ್ಲ, ಬೆರಳು ಹೋದದ್ದು ಅಜ್ಜನ ಕಡೆ, ಮುಗಿಸಬೇಕಾಗಿದ್ದವನು ಇವನು, ದಂಡ ಇವನ ಬಿಲ್ಲಲ್ಲೇ ಹಿಡ್ಕೋತೀನಿ. ಅಜ್ಜನ ತಪ್ಪಲ್ಲ, ಇಳಿಸಿದ್ದು ನಾನು, ಅಂದೆ, ಗಟ್ಟಿಯಾಗಿಯೇ ಅಂದೆ, ಅವಳು ಕನ್ನಡಕ ಸರಿಮಾಡಿಕೊಂಡು, ಯಾರು ಇಳಿಸಿದ್ರು ಅನ್ನೋದು ನನ್ನ ಕಾಗದದಲ್ಲಿಲ್ಲ ನೋಡಿ, ಪಟ್ಟಿ ಬಾಕಿ, ಅಷ್ಟೇ. ಏಳು ತಿಂಗಳು. ಅಜ್ಜ ನಲ್ಲಿಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಬ್ರಶ್ಶು ತೊಳೆಯುತ್ತಿದ್ದ, ನೀರು ಬೆಳ್ಳಗೆ ಹರಿಯುತ್ತಿತ್ತು, ಹತ್ತಿರ ಹೋಗಿ, ಅಜ್ಜ, ಬಂದದ್ದರಲ್ಲಿ ನಿಮಗೂ ಒಂದಿಷ್ಟು ಕೊಡ್ತೀನಿ ಅಂದೆ, ಬ್ರಶ್ಶನ್ನು ಹಿಂಡುತ್ತಲೇ ಹೇಳಿದ, ನಾನು ನಿಮ್ಮ ಕೆಲಸ ಮಾಡಿಲ್ಲ ತಾಯಿ.

ಲಾರಿ ಹೊರಟಿದೆ, ತಮ್ಮ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದಾನೆ, ಹಿಂದೆ ಪೈಪುಗಳ ಗಲಾಟೆ, ಮನೆಗೆ ಹೋಗಿ ಇವರ ಮಂಚದ ಪಕ್ಕ ಕೂತು ಮೊದಲಿಂದ ಹೇಳುತ್ತೇನೆ, ಎರಡು ಸಲ ತಪ್ಪು ಒತ್ತಿದ್ದು ಹೇಳುತ್ತೇನೆ, ಇವರು ಎಡಗಡೆಯ ತುಟಿಯಲ್ಲಿ ನಗುತ್ತಾರೆ, ನಗಲೇಬೇಕು, ಆಮೇಲೆ ಎಡಗೈ ಎತ್ತಿ, ತೊದಲಿಕೊಂಡು, ಸಾರುವೆ ಬಿಚ್ಚಿ ಬಂದವರನ್ನೆಲ್ಲ ಇವರು ಯಾವಾಗಲೂ ಕೇಳುವುದನ್ನೇ ಕೇಳುತ್ತಾರೆ, ಮೇಲೆ ಯಾರಿದ್ರು. ಯಾರೂ ಇರಲಿಲ್ಲ ಅನ್ನಲೇ — ಪಶ್ಚಾತ್ತಾಪವಿಲ್ಲ ನನಗೆ, ಇಲ್ಲವೇ ಇಲ್ಲ, ನಾಳೆ ಮತ್ತೆ ಆ ಕಟ್ಟಡ, ಮತ್ತೆ ಆ ತಾರೀಖು ಬಂದರೆ ಮತ್ತೆ ಹಿರಿಯುತ್ತೇನೆ, ಅವನ ಮುಖ ತಂದುಕೋ, ಆ ತೆರೆದ ಬಾಯಿ ತಂದುಕೋ, ಇದ್ದಷ್ಟು ದಿನ ಇಟ್ಟುಕೊಂಡು ಮೆಲ್ಲಲು ಅದೊಂದು ಸಾಕು, ತಂದುಕೊಳ್ಳುತ್ತೇನೆ, ಬರುತ್ತದೆ, ಬಂದು ಬಂದು ಮೇಲೇರುತ್ತದೆ, ಐದನೆಯ ಮಹಡಿ, ಆರನೆಯದು, ತಾರಸಿಯ ಅಂಚು, ಬೂದಿ ಪಟ್ಟಿ, ಎಡತುದಿಯಲ್ಲಿ ಇನ್ನೂ ಒದ್ದೆಯಾಗಿರುವ ಬ್ರಶ್ಶಿನ ಒಂದು ಎಳೆತ, ಅರ್ಧಕ್ಕೆ ನಿಂತದ್ದು