ಖಾರದಲ್ಲಿ ಸೀಸ ಕಂಡ ಯಂತ್ರ

ನಾನು ಒಂದು ಲೇಸರ್ ಯಂತ್ರ. ಹುಟ್ಟೂರು ಯಾವುದು ಎಂದರೆ ಹೇಳುವುದು ಕಷ್ಟ. ನನ್ನ ಲೇಸರ್ ಕಡಲಾಚೆಯದು, ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡುವ ಕಣ್ಣು ಮತ್ತೊಂದು ದೇಶದ್ದು, ನಾಲ್ಕು ಕಬ್ಬಿಣದ ಕಾಲುಗಳು ಹುಬ್ಬಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯವು. ಕಡಲಾಚೆಯ ಭಾಗಗಳು ಎರಡು ಸಲ ರಿಪೇರಿಗೆ ಹೋಗಿ ಬಂದಿವೆ. ಕಾಲುಗಳಿಗೆ ಇವತ್ತಿಗೂ ಏನೂ ಆಗಿಲ್ಲ.

ನನ್ನ ಕೆಲಸ ಸರಳ. ಮುಂದಿಟ್ಟ ವಸ್ತುವಿಗೆ ಟಕ್ ಎಂದು ಬೆಳಕಿನ ಏಟು ಕೊಡುತ್ತೇನೆ. ಏಟು ಬಿದ್ದ ಚುಕ್ಕೆ ಒಂದು ಕ್ಷಣ ಸೂರ್ಯನ ಮೈಗಿಂತ ಹೆಚ್ಚು ಕಾದು ಕಿಡಿಯಾಗುತ್ತದೆ. ಆ ಕಿಡಿಯಲ್ಲಿ ಪ್ರತಿಯೊಂದು ಲೋಹವೂ ತನ್ನದೇ ಬಣ್ಣದಲ್ಲಿ ಉರಿಯುತ್ತದೆ. ಸೀಸವಾದರೆ ನೇರಳೆಯ ಒಂದು ಗೆರೆ. ಲಕ್ಷ ಪಾಲಿನಲ್ಲಿ ಕೆಲವೇ ಪಾಲು ಇದ್ದರೂ ನನ್ನ ಕಣ್ಣಿನಿಂದ ತಪ್ಪಿಸಿಕೊಳ್ಳಲಾರದು. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಏನು, ಬಹಳವೇ ಇತ್ತು.

ಮೊದಲು ಒಂದು ಉಕ್ಕಿನ ಕಾರ್ಖಾನೆಯಲ್ಲಿದ್ದೆ. ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ, ಮರುದಿನವೂ ಕಬ್ಬಿಣ. ಏಳು ವರ್ಷ ಅದನ್ನೇ ನೋಡಿ ಸಾಕಾಗಿತ್ತು. ಅಷ್ಟರಲ್ಲಿ ಅವರಿಗೆ ಹೊಸ ಯಂತ್ರ ಬಂತು, ನನ್ನನ್ನು ಧಾರವಾಡದ ಒಂದು ಕಾಲೇಜಿಗೆ ದಾನ ಕೊಟ್ಟರು. ಅಲ್ಲಿ ಭೌತಶಾಸ್ತ್ರದ ವಿಮಲಾ ಹೊಂಬಳ ಮೇಡಂ ನನ್ನ ಒಡತಿಯಾದರು. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಫಕ್ಕೀರೇಶ ನನ್ನನ್ನು ನಡೆಸುತ್ತಿದ್ದ. ಲ್ಯಾಬಿನ ಜವಾನ ದ್ಯಾಮಣ್ಣ ನನ್ನ ಸುತ್ತಲಿನ ಧೂಳು ಒರೆಸುತ್ತಿದ್ದ, ಆದರೆ ನನ್ನನ್ನು ಮುಟ್ಟುವಂತಿರಲಿಲ್ಲ. ಅದು ಮೇಡಂ ಕಟ್ಟಪ್ಪಣೆ.

ನನ್ನ ಪಕ್ಕದಲ್ಲಿ ಒಂದು ಒತ್ತುಯಂತ್ರವಿತ್ತು. ಯಾವುದೇ ಪುಡಿಯನ್ನು ಅದರ ಉಕ್ಕಿನ ಅಚ್ಚಿಗೆ ಹಾಕಿ ಒತ್ತಿ, ರೂಪಾಯಿ ನಾಣ್ಯದಷ್ಟು ಬಿಲ್ಲೆ ಮಾಡಿ ನನಗೆ ಕೊಡುತ್ತಿದ್ದರು. ಆ ವರ್ಷದ ಆಯುಧ ಪೂಜೆಗೆ ದ್ಯಾಮಣ್ಣ ಹೊಸ ಧೋತರ ಉಟ್ಟು ಬಂದ. ನನ್ನನ್ನು ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೆ ತನ್ನ ಭಕ್ತಿಯನ್ನೆಲ್ಲ ಒತ್ತುಯಂತ್ರದ ಮೇಲೆ ಸುರಿದ. ಹಿಡಿಕೆಗೆ ಚೆಂಡುಹೂವು ಕಟ್ಟಿ, ಮೈಗೆ ವಿಭೂತಿ ಬಳಿದು, ಅಚ್ಚಿನ ಬಾಯೊಳಗೆ ಮೂರು ಬೆರಳಿನಿಂದ ಕುಂಕುಮ ಮೆತ್ತಿದ. ನನಗೆ ಒಂದು ಎಸಳೂ ಇಲ್ಲ. ನಿಜ ಹೇಳುತ್ತೇನೆ, ಅವತ್ತು ನನಗೆ ಹೊಟ್ಟೆಕಿಚ್ಚಾಯಿತು.

ಹಬ್ಬ ಮುಗಿದು ಕಾಲೇಜು ತೆರೆದ ದಿನ ನೀಲಗಂಗವ್ವ ಬಂದಳು. ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ಮಸಾಲಿಖಾರ ಕುಟ್ಟಿ ಹಾಸ್ಟೆಲ್‌ಗಳಿಗೆ ಕೊಡುವವಳು. ಅವಳು ಖಾರಕ್ಕೆ ಬಣ್ಣ ಬೆರೆಸಿದ್ದಾಳೆ, ಬಣ್ಣದಲ್ಲಿ ಸೀಸವಿದೆ ಎಂದು ಯಾರೋ ಪುಕಾರು ಎಬ್ಬಿಸಿದ್ದರು. ಸೋಮವಾರದೊಳಗೆ ಪರೀಕ್ಷೆಯ ಕಾಗದ ತರದಿದ್ದರೆ ಹಾಸ್ಟೆಲ್‌ನವರು ಅವಳ ಖಾರ ಮುಟ್ಟುವುದಿಲ್ಲ ಎಂದಿದ್ದರು.

"ಬ್ಯಾಡಗಿ ಮೆಣಸಿನಕಾಯಿ ಕೆಂಪ ಇರದ ಹಸರ ಇರ್ತದೇನ್ರಿ?" ಎಂದು ಡಬ್ಬಿ ಮುಂದಿಟ್ಟಳು. "ನೋಡ್ರಿ ಮೇಡಂ, ನನಗ ಅಂಜಿಕಿ ಇಲ್ಲ."

ಫಕ್ಕೀರೇಶ ಖಾರ ಒತ್ತಿ ಬಿಲ್ಲೆ ಮಾಡಿ ನನ್ನ ಮುಂದಿಟ್ಟ. ನಾನು ಟಕ್ ಎಂದೆ. ನೇರಳೆ ಗೆರೆ ಎದ್ದು ನಿಂತಿತು. ಇನ್ನೊಂದು ಚುಕ್ಕೆ, ಟಕ್. ಮತ್ತೆ ಸೀಸ. ಕಂಡದ್ದನ್ನು ಕಂಡ ಹಾಗೆ ಹೇಳಿದೆ, ಹೆಮ್ಮೆಯಿಂದಲೇ ಹೇಳಿದೆ. ಮೇಡಂ ಮುಖ ಸಪ್ಪಗಾಯಿತು.

"ನೀಲಗಂಗವ್ವಾ, ಇದರಾಗ ಸೀಸ ಐತಿ."

ಅವಳು ಕುರ್ಚಿಯ ತುದಿಗೆ ಕೂತಳು. ಹನ್ನೊಂದು ಮನೆಗಳ ಹೆಸರು ಒಂದೊಂದಾಗಿ ಬಾಯಲ್ಲಿ ಅಂದುಕೊಂಡಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಎದ್ದು ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಮೇಡಂ, ಬೀಸೂ ಕಲ್ಲಿಗೆ ಉಳಿ ಹೊಡಿಸಿದ ಮ್ಯಾಲ ನಾವು ಮೊದಲ ಒಂದ್ ಮುಷ್ಟಿ ಅಕ್ಕಿ ಬೀಸ್ತೀವಿ. ಹಿಟ್ಟಿನಾಗ ಕರಕರ ಬಂದ್ರ ತಪ್ಪು ಕಲ್ಲಿಂದು, ಕಾಳಿಂದಲ್ಲ. ನಿಮ್ಮ ಈ ಮಷೀನಿಗೆ ಅಕ್ಕಿ ಹಾಕಿ ನೋಡೀರೇನು?"

ಫಕ್ಕೀರೇಶನ ಕಿವಿ ಕೆಂಪಾಯಿತು. ಮೊದಲು ಸೀಸವಿಲ್ಲದ ವಸ್ತು ಇಟ್ಟು ಯಂತ್ರವನ್ನೇ ಪರೀಕ್ಷಿಸಬೇಕು ಎಂಬ ಇದೇ ಮಾತನ್ನು ಪುಸ್ತಕದಲ್ಲಿ ಅವನು ಮೂರು ಸಲ ಓದಿ ಅಡಿಗೆರೆ ಎಳೆದಿದ್ದ. ದ್ಯಾಮಣ್ಣನ ಸೈಕಲ್ಲಿನ ಚೀಲದಲ್ಲಿ ರೇಷನ್ ಅಕ್ಕಿ ಇತ್ತು. ಅದನ್ನೇ ಹಿಡಿಯಷ್ಟು ಅರೆದು, ಒತ್ತಿ, ನನ್ನ ಮುಂದಿಟ್ಟರು. ಟಕ್. ಸೀಸ!

"ಅಯ್ಯಯ್ಯೋ, ನಾಕ ದಿನದಿಂದ ಇದನ್ನ ಉಣ್ಣಾಕತ್ತೇವಲ್ರಿ!" ಎಂದು ದ್ಯಾಮಣ್ಣ ಹೊಟ್ಟೆ ಹಿಡಿದುಕೊಂಡ. ಇಲ್ಲದ ನೋವು ಅವನಿಗೆ ಆಗಲೇ ಶುರುವಾಗಿತ್ತು. ಮೇಡಂ, ಫಕ್ಕೀರೇಶ ಇಬ್ಬರೂ ನನ್ನ ಪರದೆಯನ್ನೇ ನೋಡುತ್ತ ನಿಂತರು. ಬಿಲ್ಲೆಯನ್ನು ಕೈಗೆತ್ತಿಕೊಂಡು ನೋಡಿದವಳು ನೀಲಗಂಗವ್ವ ಒಬ್ಬಳೇ.

"ಬಿಳಿ ಅಕ್ಕಿ ಗುಲಾಬಿ ಯಾಕಾತ್ರಿ?"

ಮೇಡಂ ಒದ್ದೆ ಹತ್ತಿಯಿಂದ ಅಚ್ಚಿನ ಒಳಗನ್ನು ಒರೆಸಿದರು. ಹತ್ತಿ ಕೆಂಪಗೆ ಬಂತು. ಖಾರದ ಕೆಂಪಿನಲ್ಲಿ ಕುಂಕುಮದ ಕೆಂಪು ಯಾರಿಗೂ ಕಂಡಿರಲಿಲ್ಲ.

"ದ್ಯಾಮಣ್ಣಾ!"

"ಯಂತ್ರ ಮುಟ್ಟಬ್ಯಾಡ ಅಂದಿದ್ರಿ. ಮುಟ್ಟಿಲ್ರಿ," ಎಂದ ದ್ಯಾಮಣ್ಣ. ಅದು ಸತ್ಯವೇ ಆಗಿತ್ತು.

ಅಚ್ಚನ್ನು ಮೂರು ಸಲ ತೊಳೆದರು. ಅಕ್ಕಿ ಒತ್ತಿದರು, ಸೀಸವಿಲ್ಲ. ಖಾರ ಒತ್ತಿದರು, ಸೀಸವಿಲ್ಲ. ಮೇಡಂ ಅಲ್ಲೇ ಕೂತು ಕಾಗದ ಬರೆದು ಸಹಿ ಹಾಕಿದರು. ನಾನು ನಾಚಿಕೆಯಿಂದ ಫ್ಯಾನ್ ಜೋರಾಗಿ ತಿರುಗಿಸಿಕೊಂಡು ನಿಂತಿದ್ದೆ. ನನ್ನಿಂದ ಹನ್ನೊಂದು ಮನೆಯ ಕೆಲಸ ಹೋಗುತ್ತಿತ್ತು.

ನೀಲಗಂಗವ್ವ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು, ಆದರೆ ಹೊರಡಲಿಲ್ಲ. "ಹಂಗಾದ್ರ ಸೀಸ ಇದ್ದದ್ದು ಕುಂಕುಮದಾಗ ಹೌದಲ್ರಿ?" ಎಂದಳು. ದ್ಯಾಮಣ್ಣನ ಪೊಟ್ಟಣದಲ್ಲಿ ಉಳಿದಿದ್ದ ಕುಂಕುಮವನ್ನೇ ಒತ್ತಿ ಇಟ್ಟರು. ಅಂಥ ನೇರಳೆಯನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ದ್ಯಾಮಣ್ಣನ ಹೊಟ್ಟೆನೋವು ಎಲ್ಲಿ ಹೋಯಿತೋ.

"ನಮ್ಮಾಕಿ ದಿನಾ ಇದನ್ನ ಹಚ್ಕೋತಾಳ್ರಿ," ಎಂದವನು ರಜೆ ಕೇಳದೆ, ಅಕ್ಕಿಯ ಚೀಲವನ್ನೂ ಮರೆತು, ಸೈಕಲ್ ಹತ್ತಿ ಮನೆಗೆ ಓಡಿದ.

ಮುಂದಿನ ತಿಂಗಳಿಂದ ಆ ಹನ್ನೊಂದು ಹೆಂಗಸರು ಅರಿಸಿನದಿಂದ ಕುಂಕುಮ ಮಾಡತೊಡಗಿದರು.

ಈಗ ನಾನು ಲ್ಯಾಬಿನ ಮೂಲೆಯಲ್ಲಿದ್ದೇನೆ. ಲೇಸರ್ ಸತ್ತಿದೆ, ಕಣ್ಣು ಮಂಜಾಗಿದೆ, ಹುಬ್ಬಳ್ಳಿಯ ಕಾಲುಗಳು ಮಾತ್ರ ಗಟ್ಟಿಯಾಗಿವೆ. ಬದುಕಿನಲ್ಲಿ ಕಂಡ ಬಣ್ಣಗಳು ಎಷ್ಟೋ, ಬಹಳಷ್ಟು ಮರೆತುಹೋಗಿವೆ. ಆದರೆ ಅವರ ಮೊದಲ ಅರಿಸಿನ ಕುಂಕುಮ ನನ್ನ ಮುಂದೆ ಬಂದ ದಿನ ಮರೆತಿಲ್ಲ. ನೀಲಗಂಗವ್ವ ಸೆರಗು ಹಿಡಿದು ನಿಂತಿದ್ದಳು. ದ್ಯಾಮಣ್ಣ ಹೆಂಡತಿಯನ್ನೇ ಕರೆದುಕೊಂಡು ಬಂದಿದ್ದ, ಹಳೆಯ ಕುಂಕುಮ ಬಿಟ್ಟಾಗಿನಿಂದ ಅವಳ ಹಣೆ ಬರಿದಾಗಿತ್ತು. ನಾನು ಟಕ್ ಎಂದು ಹೊಡೆದು, ನೇರಳೆಯ ಜಾಗದಲ್ಲಿ ಹುಡುಕಿದೆ, ಇನ್ನೊಮ್ಮೆ ಹುಡುಕಿದೆ. ಅಲ್ಲಿ ಏನೂ ಇರಲಿಲ್ಲ. ಏನೂ ಕಾಣಲಿಲ್ಲವೆಂದು ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.